ಬೂಟಿನ ಬೆಲೆಯೋ, ಗುರುತಿನ ಬೆಲೆಯೋ?

ಕಾಲಿಗೆ ಬೂಟು ತೊಡುವುದನ್ನು ಭೋಗವೆಂದು ಹೀಗಳೆಯುವ ಮಡಿವಂತ ಸಮಾಜವಾದಿಗಳು ನಾವಲ್ಲ. ಸವರ್ಣೀಯರ ಕೇರಿಯಲ್ಲಿ ಮೆಟ್ಟು ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದವರ ಮಕ್ಕಳು ಇಂದು ಸ್ನೀಕರ್ಸ್ ತೊಟ್ಟು ಕಾಲೇಜಿಗೆ ಹೋಗುವುದು ನಮಗೆ ಸಂತೋಷದ ಸಂಗತಿ. ನಮ್ಮ ಜಗಳ ಬೂಟಿನೊಡನೆಯಲ್ಲ, ಅದರ ಬೆಲೆಯೊಡನೆ.

ಅಂಗಡಿಯವರು ‘ಲೋ-ಟಾಪ್’ ಎನ್ನುವ, ಕಣಕಾಲಿನ ಗಂಟಿಗಿಂತ ಕೆಳಗೆ ನಿಲ್ಲುವ ಬೂಟು ನಿತ್ಯದ ಓಡಾಟಕ್ಕೆ ತಕ್ಕದ್ದೇ. ಆದರೆ ಕೊಳ್ಳುವವರು ನೋಡಬೇಕಾದದ್ದೇನು? ಚರ್ಮದ್ದಾದರೆ ಅಟ್ಟೆಯನ್ನು ಸುತ್ತಲೂ ಹೊಲಿದಿದೆಯೋ, ಬರೀ ಅಂಟಿನಿಂದ ಕೂಡಿಸಿದೆಯೋ? ಅದು ನಿಜವಾದ ಚರ್ಮವೋ, ಬಟ್ಟೆಗೆ ಬಳಿದ ಪ್ಲಾಸ್ಟಿಕ್ಕೋ? ಕ್ಯಾನ್ವಾಸಿನದಾದರೆ ರಬ್ಬರ್ ಪಟ್ಟಿ ಎಲ್ಲಿಯೂ ಬಿಡದೆ ಹಿಡಿದಿದೆಯೋ? ಬೆರಳ ಬುಡದಲ್ಲಿ ಸಲೀಸಾಗಿ ಬಾಗುತ್ತದೆಯೋ? ಸಂಜೆ, ಕಾಲು ತುಸು ಊದಿರುವಾಗ ತೊಟ್ಟು ನೋಡಿದರೆ ಹೆಬ್ಬೆರಳ ಮುಂದೆ ಜಾಗ ಉಳಿಯುತ್ತದೆಯೋ? ನಮ್ಮ ಬಿಸಿಲಿಗೆ ಕ್ಯಾನ್ವಾಸ್ ಹಿತ; ಗಾಳಿಯಾಡುತ್ತದೆ, ಒಗೆಯಲೂ ಬರುತ್ತದೆ. ಇಷ್ಟು ನೋಡಿದರೆ ಸಾಕು. ಪಕ್ಕದಲ್ಲಿ ಅಂಟಿಸಿದ ಗುರುತು ಕಾಲನ್ನು ಕಾಯುವುದಿಲ್ಲ.

ಆದರೂ ಹಣ ಸುರಿಯುವುದು ಆ ಗುರುತಿಗೇ! ನೈಕಿ ಕಂಪನಿಯ ಪ್ರಸಿದ್ಧ ಗುರುತನ್ನು 1971ರಲ್ಲಿ ಬರೆದುಕೊಟ್ಟವರು ಅಮೆರಿಕದ ಪೋರ್ಟ್‌ಲೆಂಡಿನ ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್ಸನ್. ಆಗ ಅವರ ಕೈಗೆ ಬಂದದ್ದು 35 ಡಾಲರ್. ಕಂಪನಿ ಶೇರು ಕೊಟ್ಟದ್ದು 1983ರಲ್ಲಿ. ಅದೇ ಗುರುತಿನ ಹೆಸರಿನಲ್ಲಿ ತೊಡುವವರಿಂದ ಇಂದಿಗೂ ಪ್ರತಿ ಜೊತೆಗೂ ವಸೂಲಿ ನಡೆದಿದೆ. ಬೂಟು ತಯಾರಾಗುವುದು ವಿಯೆಟ್ನಾಂ, ಇಂಡೋನೇಷ್ಯಾ ಮೊದಲಾದ ಕಡೆಯ ಗುತ್ತಿಗೆ ಕಾರ್ಖಾನೆಗಳಲ್ಲಿ. ಹೊಲಿದ ಕೈಗೆ ಎಷ್ಟು ಸಿಕ್ಕಿತೆಂದು ಪೆಟ್ಟಿಗೆಯ ಮೇಲೆ ಯಾರೂ ಅಚ್ಚು ಹಾಕುವುದಿಲ್ಲ.

2025ರ ಸೆಪ್ಟೆಂಬರ್ 22ರಿಂದ, ಜೊತೆಗೆ 2,500 ರೂಪಾಯಿವರೆಗಿನ ಪಾದರಕ್ಷೆಯ ಮೇಲೆ ಜಿ.ಎಸ್.ಟಿ. ಶೇಕಡ 5ಕ್ಕೆ ಇಳಿಯಿತು. ಇಳಿದದ್ದು ಒಳ್ಳೆಯದೇ. ಆದರೆ ತೆರಿಗೆಗೆ ಮಿತಿ ಹಾಕಬಲ್ಲ ಸರ್ಕಾರಕ್ಕೆ ಲಾಭಕ್ಕೆ ಮಿತಿ ಹಾಕುವ ಎದೆಗಾರಿಕೆ ಏಕಿಲ್ಲ? ಕಾರ್ಖಾನೆಯ ಸರಕಿನ ಬೆಲೆ ಉತ್ಪಾದನಾ ವೆಚ್ಚದ ಒಂದೂವರೆ ಪಟ್ಟನ್ನು ಮೀರಬಾರದೆಂಬುದು ಡಾ. ಲೋಹಿಯಾರ ಬೆಲೆನೀತಿ. ಅದನ್ನು ಹಳೆಯ ಮಾತೆಂದು ನಗುವವರು ತಮ್ಮ ಕಾಲನ್ನೊಮ್ಮೆ ನೋಡಿಕೊಳ್ಳಲಿ.

ಪೆಟ್ಟಿಗೆಯ ಮೇಲೆ ಗರಿಷ್ಠ ಮಾರಾಟ ಬೆಲೆ ಅಚ್ಚು ಹಾಕಬೇಕೆಂದು ಕಾನೂನಿದೆ. ಅದರ ಪಕ್ಕದಲ್ಲೇ ಉತ್ಪಾದನಾ ವೆಚ್ಚವನ್ನೂ, ಅದರಲ್ಲಿ ಕೂಲಿಯ ಪಾಲನ್ನೂ ಅಚ್ಚು ಹಾಕಿಸಬೇಕು. ಇದು ನಮ್ಮ ಬೇಡಿಕೆ. ಅದು ಈಡೇರುವವರೆಗೆ ಯುವಕ ಯುವತಿಯರಿಗೆ ನಮ್ಮ ಮಾತು ಇಷ್ಟೆ: ಅಟ್ಟೆ ನೋಡಿ ಕೊಳ್ಳಿರಿ, ಗುರುತು ನೋಡಿ ಅಲ್ಲ. ಬೂಟು ಸವೆದ ಮೇಲೂ ಕಂತು ಉಳಿಯುವಂಥ ವ್ಯಾಪಾರ ದುಡಿಯುವವರ ಮನೆಗೆ ಬೇಡ.