ಕಾಯಿಕೊರಕ ಹುಳವೂ ಗಿಡದ ಗುಣವೂ

ತೊಗರಿ ಹೂ ಬಿಟ್ಟಿತೆಂದರೆ ನಮ್ಮ ಮಹಾಗಾಂವ, ಗಡಹಿಂಗ್ಲಜ ಭಾಗದ ಒಕ್ಕಲಿಗರಿಗೆ ಕಾಯಿಕೊರಕ ಹುಳದ ಚಿಂತೆ ಹತ್ತುತ್ತದೆ. ತಲೆಯನ್ನು ಕಾಯಿಯೊಳಗೆ ತೂರಿಸಿ, ಮೈಯನ್ನು ಹೊರಗಿಟ್ಟು ಕಾಳು ತಿನ್ನುವ ಈ ಹುಳವನ್ನು ನೋಡದವರಾರು? ತೊಗರಿ, ಕಡಲೆ, ಜೋಳ ಮೂರಕ್ಕೂ ಅದು ಬೀಳುತ್ತದೆ. ಹುಳ ಒಂದೇ ಆದ ಮೇಲೆ ಉಪಾಯವೂ ಒಂದೇ ಸಾಕೆಂದು ಅನೇಕರ ತಿಳುವಳಿಕೆ. ಇದು ಸರಿಯಲ್ಲ. ಹುಳ ಒಂದೇ ಇದ್ದರೂ ಅದನ್ನು ಕೊಲ್ಲುವ ವೈರಿಗಳು ಬೆಳೆಬೆಳೆಗೆ ಬೇರೆ. ಇದಕ್ಕೆ ಕಾರಣ ಗಿಡದ ಗುಣ.

ಟ್ರೈಕೋಗ್ರಾಮಾ ಎಂಬ ಕಣಜವೊಂದುಂಟು. ಅದು ಸಾಸಿವೆ ಕಾಳಿಗಿಂತ ಚಿಕ್ಕದು. ಪತಂಗ ಇಟ್ಟ ಮೊಟ್ಟೆಯೊಳಗೆ ತನ್ನ ಮೊಟ್ಟೆಯನ್ನಿಡುತ್ತದೆ. ಆ ಮೊಟ್ಟೆ ಕಪ್ಪಾಗುತ್ತದೆ. ಹುಳ ಹುಟ್ಟುವ ಬದಲು ಕಣಜವೇ ಹೊರಬರುತ್ತದೆ. ಜೋಳದ ಮೇಲೆ ಈ ಕಣಜ ಚೆನ್ನಾಗಿ ಕೆಲಸ ಮಾಡುತ್ತದೆ. ತೊಗರಿಯ ಮೇಲಾದರೋ ಅದರ ಆಟ ನಡೆಯದು. ತೊಗರಿಯ ಹೂವಿನ ಬುಡ ಹಾಗೂ ಕಾಯಿಯ ಮೇಲೆ ಅಂಟು ಸುರಿಸುವ ರೋಮಗಳಿವೆ. ಅಷ್ಟು ಚಿಕ್ಕ ಜೀವ ಅಲ್ಲಿ ನಡೆಯಲಾರದೆ ಸಿಕ್ಕಿಬೀಳುತ್ತದೆ. ಕಡಲೆಯ ಮೈತುಂಬ ಹುಳಿ ಒಸರುವುದನ್ನು ನೀವೆಲ್ಲ ಬಲ್ಲಿರಿ. ಆ ಹುಳಿ ಕಾಯಿಕೊರಕ ಹುಳಕ್ಕೆ ತಕ್ಕಮಟ್ಟಿಗೆ ತೊಂದರೆ ಕೊಡುತ್ತದೆ. ಆದರೆ ಈ ಪುಟ್ಟ ಕಣಜವನ್ನೂ ದೂರವಿಡುತ್ತದೆ.

ಹಾಗೆಂದು ಕಡಲೆಗೆ ಕಾವಲಿಲ್ಲವೆಂದಲ್ಲ. ಕ್ಯಾಂಪೋಲೆಟಿಸ್ ಎಂಬ ಇನ್ನೊಂದು ದೊಡ್ಡ ಕಣಜ ಅಲ್ಲಿಗೆ ಬಂದು ಎಳೆಯ ಹುಳದ ಮೈಯಲ್ಲಿ ಮೊಟ್ಟೆಯಿಡುತ್ತದೆ. ಸತ್ತ ಹುಳದ ಪಕ್ಕದಲ್ಲಿ ಚಿಕ್ಕ ಗೂಡೊಂದು ಕಂಡರೆ ಅದು ಇದರದೇ ಎಂದು ತಿಳಿಯಿರಿ. ತೊಗರಿಗೆ ಈ ಕಣಜ ಕಡಿಮೆ. ಅಲ್ಲಿನ ಹುಳವನ್ನು ಹೆಚ್ಚಾಗಿ ನೊಣದ ಜಾತಿಯ ವೈರಿಗಳು ಕೊಲ್ಲುತ್ತವೆ. ಹೈದರಾಬಾದಿನ ಹತ್ತಿರ ಪಟಾಂಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಈ ಭೇದಗಳನ್ನು ಹೊಲದಲ್ಲಿ ನಿಂತು ಎಣಿಸಿ ತೋರಿಸಿದ್ದಾರೆ.

ಎಲ್ಲ ರೋಮವೂ ಒಂದೇ ಬಗೆಯದಲ್ಲ. ತೊಗರಿಯ ಕಾಡು ಬಂಧುವೊಂದರ ಕಾಯಿಯ ಮೇಲೆ ಅಂಟಿಲ್ಲದ ರೋಮ ದಟ್ಟವಾಗಿದ್ದು, ಎಳೆಯ ಹುಳಕ್ಕೆ ಕಾಯಿಯ ಸಿಪ್ಪೆಯೇ ಎಟಕುವುದಿಲ್ಲ. ಜೋಳದಲ್ಲಿಯೂ ಹೀಗೆಯೇ: ಬಿಗಿ ತೆನೆಯೊಳಗೆ ಹುಳ ಅಡಗಿ ಕೂಡುತ್ತದೆ, ಬಿಚ್ಚು ತೆನೆಯಲ್ಲಿ ಅದಕ್ಕೆ ಮರೆ ಕಡಿಮೆ.

ಇದರಿಂದ ನಾವು ಕಲಿಯತಕ್ಕದ್ದೇನು? ಟ್ರೈಕೋಗ್ರಾಮಾದ ಕಾರ್ಡುಗಳನ್ನು ಕಬ್ಬಿನ ಕೊರಕಕ್ಕೆ ಧಾರಾಳವಾಗಿ ಬಳಸಿರಿ. ಕಬ್ಬಿಗೆ ಒಗ್ಗಿತೆಂದು ಅದನ್ನೇ ತೊಗರಿಗೂ ಕಡಲೆಗೂ ಕಟ್ಟಿದರೆ ಹಣ ಹಾಳು. ಕೊಡುವವರು ಯಾವ ಬೆಳೆಗೆಂದು ಹೇಳಬೇಕು. ಹೇಳದಿದ್ದರೆ ನಾವು ಕೇಳಬೇಕು. ಬೀಜ ಕೊಳ್ಳುವಾಗಲೂ ಎಕರೆಗೆ ಎಷ್ಟು ಚೀಲವೆಂದು ಕೇಳಿ ಸುಮ್ಮನಾಗದೆ, ಕಾಯಿ ಎಂಥದು, ತೆನೆ ಬಿಗಿಯೋ ಬಿಚ್ಚೋ ಎಂದು ವಿಚಾರಿಸಬೇಕು.

‘ಗುಣ ನೋಡುತ್ತ ಕುಳಿತರೆ ಬೆಳೆ ಹೋದೀತು’ ಎಂದು ಕೆಲವರು ಅನ್ನಬಹುದು. ಕೂಡಬೇಕೆಂದು ಯಾರೂ ಹೇಳುವುದಿಲ್ಲ. ಕಲಬುರಗಿ ಕಡೆಯವರು ಮಾಡುವಂತೆ ತೊಗರಿ ಗಿಡ ಅಲುಗಿಸಿ ಹುಳ ಉದುರಿಸಿ ಕೊಲ್ಲಿರಿ. ಹಕ್ಕಿ ಕೂಡಲು ಅಲ್ಲಲ್ಲಿ ಗೂಟ ನೆಡಿರಿ. ಶೇಕಡಾ 5ರ ಬೇವಿನ ಬೀಜದ ಕಷಾಯ ಹೊಡೆಯಿರಿ. ಹುಳ ಕಂಡ ಮೊದಲ ದಿನವೇ ಕಡುವಿಷ ಹೊಡೆದರೆ ಕಡಲೆಯ ಕಣಜವೂ ತೊಗರಿಯ ನೊಣವೂ ಸಾಯುತ್ತವೆ. ಉಳಿದ ಹುಳಕ್ಕೆ ಹೊಲವೇ ಹುಲ್ಲುಗಾವಲು.

ಸಾಲೆಯ ಮಕ್ಕಳ ಕೈಗೆ ಒಂದು ಭೂತಗನ್ನಡಿ ಕೊಟ್ಟು ಹೊಲಕ್ಕೆ ಕರೆದೊಯ್ಯಿರಿ. ತೊಗರಿ ಕಾಯಿಯ ಅಂಟನ್ನೂ ಜೋಳದ ಮೇಲಿನ ಕಪ್ಪು ಮೊಟ್ಟೆಯನ್ನೂ ಅವರೇ ಕಂಡುಹಿಡಿದು ಮನೆಯ ಹಿರಿಯರಿಗೆ ತೋರಿಸಲಿ.