ಸೊಸೈಟಿಗೊಂದು ನ್ಯಾಯ, ದೇಶಕ್ಕೊಂದು ನ್ಯಾಯವೇ?

ಡೊಂಬಿವಲಿ, ಕಲ್ಯಾಣ, ಠಾಣೆ, ನವಿಮುಂಬಯಿಯ ಕನ್ನಡ ಬಂಧುಗಳೇ,

ಸೊಸೈಟಿ ರೀಡೆವಲಪ್‌ಮೆಂಟ್‌ಗೆ ಹೋಗುವಾಗ ಬಿಲ್ಡರನ ಕರಾರಿನ ಕರಡು ಜನರಲ್ ಬಾಡಿ ಮುಂದೆ ಬಾರದಿದ್ದರೆ ನಾವು ಸೆಕ್ರೆಟರಿಯನ್ನು ಸುಮ್ಮನೆ ಬಿಡುತ್ತೇವೆಯೇ? ಕಾರ್ಪೆಟ್ ಏರಿಯಾ ಎಷ್ಟು, ಕೆಲಸ ಅರ್ಧಕ್ಕೆ ನಿಂತರೆ ಬಾಡಿಗೆ ಯಾರು ಕೊಡುತ್ತಾರೆ ಎಂದು ಸಾಲುಸಾಲು ಜಗ್ಗಿ ಕೇಳುತ್ತೇವೆ. ಪರಮಾಣು ಒಪ್ಪಂದಕ್ಕೆ ಈ ಕಟ್ಟುಪಾಡಿಲ್ಲ.

2008ರ ಭಾರತ–ಅಮೆರಿಕ ಒಪ್ಪಂದದ ಮೇಲೆ ಅಮೆರಿಕದ ಎರಡೂ ಸದನಗಳು ಮತ ಹಾಕಿದವು. ಸೆನೆಟ್‌ನಲ್ಲಿ 86–13. ಇಲ್ಲಿ ಜುಲೈ 22ರಂದು ಲೋಕಸಭೆಯಲ್ಲಿ ಬಿದ್ದ 275–256 ಮತ, ಸರ್ಕಾರ ಉಳಿಯಬೇಕೋ ಉರುಳಬೇಕೋ ಎಂಬುದಕ್ಕೆ. ಒಪ್ಪಂದದ ಒಂದು ಕಲಮಿನ ಮೇಲೂ ಮತವಿಲ್ಲ. ಇರಬೇಕೆಂದು ನಮ್ಮ ಕಾನೂನು ಹೇಳುವುದೂ ಇಲ್ಲ.

ಕಲಮಿನಲ್ಲೇನಿದೆ ಅಂತೀರಾ? ತಾರಾಪುರದ ಅಣುಸ್ಥಾವರವನ್ನು ಕೇಳಿ. ಈಗ ಪಾಲ್ಘರ್ ಜಿಲ್ಲೆ, 2014ರವರೆಗೆ ನಮ್ಮ ಠಾಣೆಯದ್ದೇ. 1963ರ ಒಪ್ಪಂದದಂತೆ ಅಮೆರಿಕ ಅಲ್ಲಿಗೆ 1993ರ ತನಕ ಇಂಧನ ಕೊಡಬೇಕಿತ್ತು. 1974ರಲ್ಲಿ ಪೋಖ್ರಾನ್‌ನಲ್ಲಿ ನಮ್ಮ ಅಣುಸ್ಫೋಟವಾಯಿತು. 1978ರಲ್ಲಿ ಅಮೆರಿಕದವರು ಪರಮಾಣು ರಫ್ತಿಗೆ ತಮ್ಮದೇ ಹೊಸ ಕಾನೂನು ತಂದರು, ಕೊನೆಗೆ ಇಂಧನ ಕೊಡಲಾರೆವೆಂದು ಕೈಯೆತ್ತಿದರು. ಇಂಧನಕ್ಕಾಗಿ ಫ್ರಾನ್ಸ್, ಚೀನಾ, ರಷ್ಯಾ ಎಂದು ನಾವು ಅಲೆದೆವು. ಬಳಸಿದ ಇಂಧನದ ಕಥೆ ಇನ್ನೂ ವಿಚಿತ್ರ. ಅದನ್ನು ಇಲ್ಲಿ ಮರುಸಂಸ್ಕರಿಸಲು ಎರಡೂ ದೇಶ ಜಂಟಿಯಾಗಿ ತೀರ್ಮಾನಿಸಬೇಕೆಂದು ಕಲಮು ಇತ್ತು. ಅಮೆರಿಕ ಒಪ್ಪಲೂ ಇಲ್ಲ, ಮಾಲನ್ನು ವಾಪಸು ಒಯ್ಯಲೂ ಇಲ್ಲ. ದಶಕಗಟ್ಟಲೆ ಅದು ತಾರಾಪುರದಲ್ಲೇ ಕೂತಿತು. ಬೀಗದಕೈ ಅವರದ್ದು, ಕಾವಲು ನಮ್ಮದು!

ಕಲಮಿನ ಸಡಿಲ ಪದ ನಮಗೂ ಒದಗಿಬಂದದ್ದುಂಟು, ಮುಚ್ಚಿಡುವುದೇಕೆ. ವಾಶಿಯಿಂದ ಖಾಡಿಯಾಚೆ ಕಾಣುವ ಟ್ರಾಂಬೆಯ ಸೈರಸ್ ರಿಯಾಕ್ಟರನ್ನು 1956ರ ಒಪ್ಪಂದದಂತೆ ಕೆನಡಾ ಕೊಟ್ಟದ್ದು ‘ಶಾಂತಿಯುತ ಉದ್ದೇಶ’ಕ್ಕೆ. ಅದರ ಪ್ಲುಟೋನಿಯಂನಿಂದಲೇ ನಮ್ಮ ತುಮಕೂರು ಜಿಲ್ಲೆಯ ರಾಜಾ ರಾಮಣ್ಣನವರ ತಂಡ ಪೋಖ್ರಾನ್ ಪ್ರಯೋಗ ಮಾಡಿತು. ಅದೂ ಶಾಂತಿಯುತವೇ ಎಂದಿತು ದೆಹಲಿ. ಕೆನಡಾ ಸಹಕಾರವನ್ನೇ ಕಡಿದುಕೊಂಡಿತು. ಎರಡು ಪದ, ಎರಡು ಅರ್ಥ.

ಇಂಥ ಒಪ್ಪಂದಕ್ಕೆ ಗುಟ್ಟು ಬೇಕಲ್ಲವೇ ಎನ್ನುವವರಿದ್ದಾರೆ. ಮಾತುಕತೆ ಗುಟ್ಟಾಗಿರಲಿ. ಆದರೆ 2008ರ ಆ ಅಮೆರಿಕ ಒಪ್ಪಂದದ ಪಠ್ಯ 2007ರ ಆಗಸ್ಟ್‌ನಲ್ಲೇ ಹೊರಬಿದ್ದಿತ್ತು, ದೇಶವೇನೂ ಮುಳುಗಲಿಲ್ಲ. ಮುಂದಿನ ಒಪ್ಪಂದಗಳ ಪಠ್ಯ ಮರಾಠಿ, ಕನ್ನಡದಲ್ಲೂ ಜನರಿಗೆ ಸಿಗಲಿ. ಸಂಸತ್ತಿನಲ್ಲಿ ಕಲಮುಕಲಮಾಗಿ ಚರ್ಚೆಯಾಗಿ, ಮತ ಬಿದ್ದ ಮೇಲೆಯೇ ಒಪ್ಪಂದ ಜಾರಿಗೆ ಬರಲಿ.

ಠಾಣೆ, ಕಲ್ಯಾಣ ಕ್ಷೇತ್ರದ ಸಂಸದರು ನಮ್ಮ ಸಂಘದ ವೇದಿಕೆಗೋ ಗಣಪತಿ ಮಂಟಪಕ್ಕೋ ಬಂದಾಗ, ಶಾಲು ಹೊದಿಸುವ ಮೊದಲು ಕೇಳಿ: “ಸಾಹೇಬರೇ, ಮುಂದಿನ ಒಪ್ಪಂದದಲ್ಲಿ ಬಳಸಿದ ಇಂಧನ ಯಾರ ಪಾಲು? ನೀವು ಓದಿ ಮತ ಹಾಕುತ್ತೀರೋ ಇಲ್ಲವೋ?”