ಮ್ಯೂಸಿಯಂ ಪಾಸ್ ಕೊಂಡರೆ ನಿಜಕ್ಕೂ ಹಣ ಉಳಿಯುತ್ತದೆಯೇ?

ಒಂದು ಪಾಸ್ ಕೊಂಡರೆ ಊರಿನ ಎಲ್ಲ ಮ್ಯೂಸಿಯಂ ಅಗ್ಗದಲ್ಲಿ ನೋಡಬಹುದು ಎನ್ನುವ ಸಂದೇಶ ನಿಮಗೂ ಬಂದಿರಬಹುದು. ಇದು ಪೂರ್ತಿ ಸುಳ್ಳಲ್ಲ, ಎಲ್ಲರಿಗೂ ನಿಜವೂ ಅಲ್ಲ.

ಮೊದಲು ನಮ್ಮ ಊರಿನ ಲೆಕ್ಕ ನೋಡೋಣ. ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನಕ್ಕೂ ತಿ. ನರಸೀಪುರದ ಗುಂಜಾ ನರಸಿಂಹಸ್ವಾಮಿ ದೇವಸ್ಥಾನಕ್ಕೂ ಪ್ರವೇಶ ಶುಲ್ಕವಿಲ್ಲ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಸೋಮನಾಥಪುರಕ್ಕೆ ಟಿಕೆಟ್ ಇದೆ, ಆದರೆ 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ಇಂಥ ಪ್ರವಾಸಕ್ಕೆ ಪಾಸ್ ಇದ್ದರೂ ಉಳಿತಾಯವಾಗದು. ಇಲ್ಲಿ ಖರ್ಚಾಗುವುದು ವಾಹನಕ್ಕೆ, ಊಟಕ್ಕೆ.

ದೊಡ್ಡ ನಗರಗಳಲ್ಲೂ ಇದೇ ಲೆಕ್ಕ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಶಾಶ್ವತ ಸಂಗ್ರಹ ನೋಡಲು ದುಡ್ಡೇ ಬೇಡ. ಪ್ಯಾರಿಸ್ ಪಾಸ್ 2, 4, 6 ದಿನಗಳದ್ದು. ದಿನಗಳು ಬಿಡುವಿಲ್ಲದೆ ಓಡುತ್ತವೆ. ಮಂಗಳವಾರ ಲೂವ್ರ್ ಮುಚ್ಚಿರುತ್ತದೆ. ಪಾಸ್ ಇದ್ದರೂ ಅಲ್ಲಿ ಸಮಯ ಕಾದಿರಿಸಬೇಕು.

ಕೊಳ್ಳುವ ಮೊದಲು ಹೀಗೆ ಮಾಡಿ:

1. ಪಾಸ್ ಇಲ್ಲದಿದ್ದರೂ ನೋಡಲೇಬೇಕೆನಿಸುವ ಜಾಗಗಳನ್ನು ಮಾತ್ರ ಬರೆಯಿರಿ.
2. ಉಚಿತ ಜಾಗಗಳನ್ನು, ರಜೆ ಇರುವ ದಿನಗಳನ್ನು ತೆಗೆದುಹಾಕಿ.
3. ಮಕ್ಕಳಿಗೆ, ಹಿರಿಯರಿಗೆ ರಿಯಾಯಿತಿ ಇದೆಯೇ ಕೇಳಿ.
4. ಉಳಿದ ಟಿಕೆಟ್‌ಗಳ ಮೊತ್ತವನ್ನು ಪಾಸ್ ಬೆಲೆಯೊಂದಿಗೆ ಹೋಲಿಸಿ.

ಪಾಸ್ 500 ರೂಪಾಯಿ, ಒಂದು ಟಿಕೆಟ್ 100 ರೂಪಾಯಿ ಎಂದುಕೊಳ್ಳಿ. ಆರನೇ ಜಾಗ ನೋಡಿದಾಗ ಮಾತ್ರ ಲಾಭ ಶುರು. ಎರಡು ದಿನದಲ್ಲಿ ಮನೆಯ ಹಿರಿಯರು, ಮಕ್ಕಳು ಆರು ಮ್ಯೂಸಿಯಂ ಸುತ್ತಬಲ್ಲರೇ?

ಸುತ್ತುವ ಶಕ್ತಿ ಇದ್ದರೆ ಕೊಳ್ಳಿ. ಇಲ್ಲವಾದರೆ ಬಿಡಿ ಟಿಕೆಟ್ಟೇ ವಾಸಿ. ಕೊಳ್ಳುವುದಾದರೂ ಫಾರ್ವರ್ಡ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ, ಅಧಿಕೃತ ಜಾಲತಾಣದಲ್ಲೇ ಕೊಳ್ಳಿ.